ಯಾವ ಸಾಗರ? ಒಂದೇ ಹೆಸರಿನ ಗೋಜಲು ಬಿಡಿಸುವ ಬಗೆ

ಹೋದ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ನಮ್ಮ ಲೈಬ್ರರಿಗೆ ಬಂದಳು. ಕೈಯಲ್ಲಿ ನಾಲ್ಕು ಹಾಳೆ ಪ್ರಿಂಟ್ ಇತ್ತು. "ಅಕ್ಕಾ, ಕೆಳದಿ ಬಗ್ಗೆ ಪ್ರಾಜೆಕ್ಟ್ ಬರೀಬೇಕು. ಎಲ್ಲ ಸಿಕ್ಕಿದೆ, ಒಂದ್ಸಲ ನೋಡ್ತೀರಾ?" ಅಂದಳು.

ನೋಡಿದೆ. ಮೊದಲ ಹಾಳೆಯಲ್ಲಿ ಕೆಳದಿ ನಾಯಕರು ಇದ್ದರು. ಎರಡನೆಯದರಲ್ಲಿ ವೈಗೈ ನದಿ, ನೆಲದಡಿ ಸಿಕ್ಕ ಇಟ್ಟಿಗೆ ಗೋಡೆ, ಮಡಕೆ ಚೂರಿನ ಮೇಲೆ ತಮಿಳು ಬ್ರಾಹ್ಮಿ ಅಕ್ಷರ. ಮೂರನೆಯದರಲ್ಲಿ ರಾಣಿ ಚೆನ್ನಮ್ಮ ಬ್ರಿಟಿಷರ ಮೇಲೆ ಯುದ್ಧಕ್ಕೆ ಹೊರಟಿದ್ದಳು. ನಾಲ್ಕನೆಯದರಲ್ಲಿ 'ಕೆಳದಿ ಎಂದರೆ ಗೆಳತಿ' ಅನ್ನುವ ಒಂದು ಸಾಲು. ನಾಲ್ಕೂ ಸುಳ್ಳಲ್ಲ. ಆದರೆ ನಾಲ್ಕೂ ಒಂದೇ ಊರಿನ ಕಥೆಯೂ ಅಲ್ಲ. ಆ ಮಗು ಕೆಳದಿಯ ರಾಮೇಶ್ವರ ದೇವಸ್ಥಾನವನ್ನು ಕಣ್ಣಾರೆ ಕಂಡವಳು, ಚಾವಣಿಯ ಗಂಡಭೇರುಂಡ ನೋಡಿದವಳು. ಆದರೂ ಹೀಗಾಯಿತು.

ಅವತ್ತು ಸಂಜೆ ಅವಳ ಜೊತೆ ಕೂತು ಆ ಗೋಜಲು ಬಿಡಿಸಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಸಾಗರ ತಾಲ್ಲೂಕಿನ ಒಂದು ಪಂಚಾಯಿತಿಯಲ್ಲಿ ಗ್ರಂಥಾಲಯ ಮೇಲ್ವಿಚಾರಕಿ. ಈಗ ನಮ್ಮ ಬೋರ್ಡಿನ ಮೇಲೆ 'ಅರಿವು ಕೇಂದ್ರ' ಅಂತ ಇದೆ, ಜನ ಮಾತ್ರ ಲೈಬ್ರರಿ ಅಂತಲೇ ಕರೆಯುತ್ತಾರೆ. ಹತ್ತೊಂಬತ್ತು ವರ್ಷದಿಂದ ಇಲ್ಲಿದ್ದೇನೆ. ಒಂದೇ ಹೆಸರಿನ ಎರಡು ಊರು, ಎರಡು ಜನ, ಎರಡು ಪುಸ್ತಕ ಬೆರೆತು ಹೋಗುವುದನ್ನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಅದಕ್ಕೆ ಅಂತಲೇ ಇನ್ನೂರು ಪುಟದ ಒಂದು ಉದ್ದ ನೋಟ್‌ಬುಕ್ ಇಟ್ಟಿದ್ದೇನೆ. ಒಂದು ಹೆಸರಿಗೆ ಒಂದು ಪುಟ. ನೀವೂ ಇಂಥದ್ದೊಂದು ಮಾಡಿಕೊಳ್ಳಬಹುದು. ಮೇಷ್ಟ್ರಾಗಿದ್ದರೆ, ಊರಿನ ಚರಿತ್ರೆ ಬರೆಯುತ್ತಿದ್ದರೆ, ಮಕ್ಕಳ ಪ್ರಾಜೆಕ್ಟಿಗೆ ನೆರವಾಗುತ್ತಿದ್ದರೆ ತುಂಬಾ ಉಪಯೋಗಕ್ಕೆ ಬರುತ್ತದೆ.

ಈ ಕೆಲಸ ಕಲಿಸಿದ್ದು ನನ್ನ ಅಪ್ಪಯ್ಯ. ಅವರು ಊರಿನ ಬ್ರಾಂಚ್ ಪೋಸ್ಟ್‌ಮಾಸ್ಟರ್ ಆಗಿದ್ದರು. ಅಂಚೆ ಕಚೇರಿ ಅಂದರೆ ನಮ್ಮ ಮನೆ ಜಗಲಿಯೇ. ಊರಿನಲ್ಲಿ ಮೂವರು ಸುಬ್ರಾಯರಿದ್ದರು. 'ಸುಬ್ರಾಯ, ಸಾಗರ ತಾಲ್ಲೂಕು' ಅಂತಷ್ಟೇ ಬರೆದ ಕಾಗದ ಬಂದರೆ ಅಪ್ಪಯ್ಯ ಅದನ್ನು ಒಡೆಯದೆ, ಊಹೆ ಮಾಡದೆ, ಮೂವರನ್ನೂ ಕೇಳುತ್ತಿದ್ದರು: "ಯಾರಿಗಾದ್ರೂ ಹುಬ್ಬಳ್ಳಿಯಿಂದ ಕಾಗದ ಬರೋದಿತ್ತಾ?" ಬಾವಿಮನೆ ಸುಬ್ರಾಯ, ಮೇಲಿನಮನೆ ಸುಬ್ರಾಯ, ಗದ್ದೆಮನೆ ಸುಬ್ರಾಯ. ಮಲೆನಾಡಿನಲ್ಲಿ ಹೊಸಬರು ಕಂಡರೆ ನಾವು ಮೊದಲು ಕೇಳುವುದೇ "ಯಾವೂರು? ಯಾರ ಮನೆ?" ಅಂತ, ಅಲ್ವಾ? ನಾನು ಹೇಳುವ ವಿಧಾನವೆಲ್ಲ ಆ ಎರಡು ಪ್ರಶ್ನೆಯಿಂದಲೇ ಬೆಳೆದದ್ದು. ಹೆಸರಿನ ಪಕ್ಕದಲ್ಲಿ ಒಂದು ಗುರುತು ಇಡಬೇಕು, ಅಷ್ಟೇ. ಯಾವ ಗುರುತು, ಅದನ್ನು ಹುಡುಕುವುದು ಹೇಗೆ ಅನ್ನುವುದರಲ್ಲಿ ಕೆಲಸವಿದೆ.

ಮೊದಲು ಕನ್ನಡದಲ್ಲಿ ಬರೆಯಿರಿ

ಹೆಸರು ಸಿಕ್ಕ ಕೂಡಲೇ ಕನ್ನಡ ಅಕ್ಷರದಲ್ಲಿ, ಬಾಯಲ್ಲಿ ಹೇಳುವ ಹಾಗೆ ಬರೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿದಾಗ ಬೆರೆತು ಹೋಗುವ ಹೆಸರುಗಳಲ್ಲಿ ಅರ್ಧದಷ್ಟು ಇಲ್ಲೇ ಬೇರೆಯಾಗುತ್ತವೆ.

ನಮ್ಮದು ಕೆಳದಿ. ತಮಿಳುನಾಡಿನ ಶಿವಗಂಗೆ ಜಿಲ್ಲೆಯದು ಕೀಳಡಿ. ಮದುರೆಗೆ ಹತ್ತಿರ, ವೈಗೈ ನದಿಯ ಬಳಿ ಇರುವ ಊರು. ಅಲ್ಲಿ 2014-15ರಲ್ಲಿ ಅಗೆತ ಶುರುವಾದ ಮೇಲೆ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ತಮಿಳಿನವರು ಅದನ್ನು ಬರೆಯುವುದು ನಮ್ಮ 'ಳ'ದಂಥ ಅಕ್ಷರದಿಂದಲೂ ಅಲ್ಲ. ಹಳಗನ್ನಡದಲ್ಲಿ ಇದ್ದು ಈಗ ಬಿಟ್ಟುಹೋದ ಱೞಗಳಲ್ಲಿ ಎರಡನೆಯದು ಇದೆಯಲ್ಲ, ಅದಕ್ಕೆ ಸಮನಾದ ಅಕ್ಷರ. ಅಂದರೆ ಮೊದಲ ಸ್ವರ ಬೇರೆ, ನಡುವಿನ ವ್ಯಂಜನ ಬೇರೆ, ಕೊನೆಯದೂ ಬೇರೆ. ಕನ್ನಡದಲ್ಲಿ ಬರೆದು ಅಕ್ಕಪಕ್ಕ ಇಟ್ಟ ಕೂಡಲೇ ಹುಡುಗಿ "ಅಯ್ಯೋ, ಇದು ಬೇರೆ ಊರು!" ಅಂದಳು. ನಾನು ಏನೂ ವಿವರಿಸಬೇಕಾಗಲಿಲ್ಲ.

ಹಾಗೆಯೇ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಮತ್ತು ಉತ್ತರದ ಬೆಳಗಾವಿ. ಕೇದಾರೇಶ್ವರ ದೇವಸ್ಥಾನ ಇರುವುದು ಬಳ್ಳಿಗಾವಿಯಲ್ಲಿ. ಅಲ್ಲಮಪ್ರಭುವಿನ ಊರು ಅಂತ ಹೇಳುವುದೂ ಅದನ್ನೇ. ಕೊಪ್ಪ ಮತ್ತು ಕೊಪ್ಪಳವೂ ಹೀಗೆಯೇ. ಒಂದು ಳ ಬಿಟ್ಟರೆ ಜಿಲ್ಲೆಯೇ ಬದಲಾಗುತ್ತದೆ.

ಹಳೆಯ ಹೆಸರು, ಹಳೆಯ ಬರವಣಿಗೆ ಇದ್ದರೆ ಅದನ್ನೂ ಅದೇ ಸಾಲಿನಲ್ಲಿ ಬರೆದಿಡಿ. 2014ರ ನವೆಂಬರ್ 1ಕ್ಕೆ ಮೊದಲಿನ ಇಂಗ್ಲಿಷ್ ಕಡತದಲ್ಲಿ ಶಿವಮೊಗ್ಗ 'ಶಿಮೊಗಾ' ಆಗಿರುತ್ತದೆ. ಭದ್ರಾವತಿ ಹಳೆಯ ದಾಖಲೆಯಲ್ಲಿ ಬೆಂಕಿಪುರ. ಇದನ್ನು ಬರೆದಿಡದಿದ್ದರೆ ಒಂದೇ ಊರನ್ನು ಎರಡು ಊರು ಅಂದುಕೊಳ್ಳುವ ತಪ್ಪಾಗುತ್ತದೆ. ಎರಡನ್ನು ಒಂದು ಅಂದುಕೊಳ್ಳುವುದಕ್ಕಿಂತ ಅದೇನು ಸಣ್ಣ ತಪ್ಪಲ್ಲ.

ಊರೋ, ಮನುಷ್ಯರೋ, ಕಥೆಯೋ

ಎರಡನೆಯ ಕೆಲಸ, ನಿಮ್ಮ ಕೈಯಲ್ಲಿರುವುದು ಏನು ಅನ್ನುವುದನ್ನು ತೀರ್ಮಾನಿಸುವುದು. ಸುಲಭ ಅನಿಸುತ್ತದೆ. ಆದರೆ ಜಾಸ್ತಿ ಜನ ಜಾರುವುದು ಇಲ್ಲೇ.

'ಕಾನೂರು' ತೆಗೆದುಕೊಳ್ಳಿ. ಕಾನು ಅಂದರೆ ನಮ್ಮ ಕಡೆ ದಟ್ಟ ಹಸಿರು ಕಾಡು. ಕಾನಿನ ಊರು ಕಾನೂರು. ನಮ್ಮ ತಾಲ್ಲೂಕಿನ ಕಾಡಿನೊಳಗೆ ಕಾನೂರು ಕೋಟೆ ಇದೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರನ್ನು ಅದರ ಜೊತೆ ಹೇಳುತ್ತಾರೆ. ಇನ್ನೊಂದು ಕಾನೂರು ಕುವೆಂಪು ಅವರ 'ಕಾನೂರು ಹೆಗ್ಗಡಿತಿ'ಯದು. 1936ರ ಕಾದಂಬರಿ. ಅದೇ ಹೆಸರಿನ ಸಿನಿಮಾವನ್ನು ಗಿರೀಶ್ ಕಾರ್ನಾಡ್ 1999ರಲ್ಲಿ ಮಾಡಿದರು. ಕೊಡಗಿನಲ್ಲೂ ಒಂದು ಕಾನೂರಿದೆ. ಕೇರಳದ್ದು ಕಣ್ಣೂರು, ಅದು ಸೇರುವುದೇ ಇಲ್ಲ. ಕಾದಂಬರಿ ಓದಿ ಬಂದ ಒಬ್ಬರು ನನ್ನ ಹತ್ತಿರ "ಸುಬ್ಬಮ್ಮನ ಮನೆ ಆ ಕೋಟೆ ಹತ್ತಿರಾನೇ ಇತ್ತಾ?" ಅಂತ ಕೇಳಿದ್ದರು. ಪ್ರೀತಿಯಿಂದ ಕೇಳಿದ ಪ್ರಶ್ನೆ. ಪುಸ್ತಕದ ಊರು ಅಷ್ಟು ಜೀವಂತವಾಗಿ ಬಂದಿದೆ ಅನ್ನುವುದಕ್ಕೆ ಅದೇ ಸಾಕ್ಷಿ. ಆದರೆ ಕಾದಂಬರಿಯ ಊರಿಗೆ ಬಸ್ಸಿಲ್ಲ. ನೋಟ್‌ಬುಕ್ಕಿನಲ್ಲಿ ಅದಕ್ಕೆ 'ಕಾದಂಬರಿಯೊಳಗಿನ ಊರು' ಅಂತ ಬೇರೆ ಸಾಲು ಬೇಕು.

ಭದ್ರಾವತಿಯಲ್ಲೂ ಇದೇ ಆಗುತ್ತದೆ. ಜೈಮಿನಿ ಭಾರತ ಓದುವವರಿಗೆ ಭದ್ರಾವತಿ ಅಂದರೆ ಯೌವನಾಶ್ವನ ರಾಜಧಾನಿ. ಅಶ್ವಮೇಧದ ಕುದುರೆಯನ್ನು ಭೀಮ ತರುವುದು ಅಲ್ಲಿಂದ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲಿ ಭದ್ರಾವತಿ ಅನ್ನುವ ಪಟ್ಟಣವಿದೆ. ನಮ್ಮದು ಭದ್ರಾ ನದಿಯ ಭದ್ರಾವತಿ, 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ ಊರು. ಗಮಕ ಕೇಳಿ ಬಂದ ಅಜ್ಜ ಹೇಳುವ ಭದ್ರಾವತಿ, ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಮಾವ ಹೇಳುವ ಭದ್ರಾವತಿ, ಎರಡೂ ಬೇರೆ ಬೇರೆ ಸಾಲು.

ಮನುಷ್ಯರ ವಿಷಯಕ್ಕೆ ಬಂದರೆ ಇಸವಿ ಬೇಕು

ಊರಿಗೆ ತಾಲ್ಲೂಕು ಗುರುತು. ಮನುಷ್ಯರಿಗೆ ಕಾಲ ಗುರುತು. ಆ ಹುಡುಗಿಯ ಮೂರನೇ ಹಾಳೆಗೆ ಬರೋಣ.

ರಾಣಿ ಚೆನ್ನಮ್ಮ ಅಂದರೆ ಇಬ್ಬರು. ಕೆಳದಿಯ ಚೆನ್ನಮ್ಮ 17ನೇ ಶತಮಾನದವಳು. ಶಿವಾಜಿಯ ಮಗ ರಾಜಾರಾಮ 1689ರಲ್ಲಿ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಬಂದಾಗ ಆಸರೆ ಕೊಟ್ಟವಳು ಅವಳು. ಕಿತ್ತೂರಿನ ಚೆನ್ನಮ್ಮ ಬ್ರಿಟಿಷರ ಮೇಲೆ ಯುದ್ಧ ಮಾಡಿದ್ದು 1824ರಲ್ಲಿ. ಕಲೆಕ್ಟರ್ ಥ್ಯಾಕರೆ ಸತ್ತದ್ದು ಆ ಯುದ್ಧದಲ್ಲಿ. ಅವಳು ತೀರಿಕೊಂಡದ್ದು 1829ರಲ್ಲಿ, ಸೆರೆಯಲ್ಲಿ. 1961ರ ಸಿನಿಮಾ, ಬಿ. ಸರೋಜಾದೇವಿ ಮಾಡಿದ ಪಾತ್ರ, ಕಿತ್ತೂರಿನವಳದು. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ರೈಲಿನ ಹೆಸರೂ ಕಿತ್ತೂರಿನವಳದೇ. ಸಂಸತ್ತಿನ ಆವರಣದಲ್ಲಿ 2007ರಲ್ಲಿ ನಿಂತ ಪ್ರತಿಮೆಯೂ ಅವಳದೇ.

ನಾನು ಹುಡುಗಿಗೆ ಒಂದು ಗೆರೆ ಎಳೆಯಲು ಹೇಳಿದೆ. ಒಂದು ತುದಿಯಲ್ಲಿ 1689, ಇನ್ನೊಂದು ತುದಿಯಲ್ಲಿ 1824. "ನಡುವೆ ಎಷ್ಟು ವರ್ಷ ಪುಟ್ಟಿ?" ಅವಳು ಲೆಕ್ಕ ಹಾಕಿ "ನೂರ ಮೂವತ್ತೈದು" ಅಂದಳು. ಆಮೇಲೆ ತಾನೇ ಪೆನ್ನು ತೆಗೆದು ಮೂರನೇ ಹಾಳೆಯನ್ನು ಪಕ್ಕಕ್ಕೆ ಇಟ್ಟಳು. ಇಬ್ಬರು ರಾಣಿಯರನ್ನೂ ನಾನು ತುಂಬಾ ಗೌರವಿಸುತ್ತೇನೆ. ಇಬ್ಬರನ್ನು ಬೆರೆಸಿ ಒಬ್ಬಳನ್ನಾಗಿ ಮಾಡಿದರೆ ಇಬ್ಬರಿಗೂ ಸಲ್ಲಬೇಕಾದದ್ದು ಸಲ್ಲುವುದಿಲ್ಲ. ಅದರಲ್ಲೂ ಕೆಳದಿಯವಳ ಕಥೆಯೇ ಕಳೆದು ಹೋಗುತ್ತದೆ. ಸಿನಿಮಾ, ರೈಲು, ಪ್ರತಿಮೆ ಎಲ್ಲ ಇನ್ನೊಬ್ಬಳ ಕಡೆ ಇವೆಯಲ್ಲ, ಜೋರಾದ ಹೆಸರು ಮೆಲ್ಲನೆಯ ಹೆಸರನ್ನು ನುಂಗಿಬಿಡುತ್ತದೆ. ನಾನು ಈ ನೋಟ್‌ಬುಕ್ ಬಿಡದೆ ಬರೆಯುವುದು ಇದೇ ಕಾರಣಕ್ಕೆ.

ಗಾಜನೂರಿನದೂ ಇಂಥದೇ ಸಂಗತಿ. ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆ ಹೊರಟರೆ ತುಂಗಾ ಅಣೆಕಟ್ಟಿನ ಗಾಜನೂರು ಸಿಗುತ್ತದೆ. ನವೋದಯ ಶಾಲೆ ಅಲ್ಲಿದೆ, ಸಕ್ರೆಬೈಲಿನ ಆನೆ ಬಿಡಾರ ಅಲ್ಲಿಂದ ಹತ್ತಿರ. ಹೊರಗಿನಿಂದ ಬಂದವರು ಅಣೆಕಟ್ಟಿನ ಮೇಲೆ ನಿಂತು "ರಾಜ್‌ಕುಮಾರ್ ಹುಟ್ಟಿದ್ದು ಇಲ್ಲೇ ಅಲ್ವಾ?" ಅಂತ ಭಕ್ತಿಯಿಂದ ಕೇಳುತ್ತಾರೆ. ಅಣ್ಣಾವ್ರ ಗಾಜನೂರು ತಮಿಳುನಾಡಿನ ತಾಳವಾಡಿ ಸೀಮೆಯದು, ದೊಡ್ಡ ಗಾಜನೂರು. 1929ರಲ್ಲಿ ಅವರು ಹುಟ್ಟಿದ ಊರು, 2000ನೇ ಇಸವಿಯ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನು ಕರೆದೊಯ್ದ ಊರು. ಇಂಥ ಕಡೆ ಗುರುತಾಗಿ ನದಿಯನ್ನೋ ಮನುಷ್ಯನನ್ನೋ ಹಾಕಿ: 'ತುಂಗೆಯ ಗಾಜನೂರು', 'ರಾಜ್‌ಕುಮಾರರ ಗಾಜನೂರು'. ತಾಲ್ಲೂಕು ಹೇಳಿದರೆ ನೆನಪಿನಲ್ಲಿ ಉಳಿಯದವರಿಗೂ ಇದು ಉಳಿಯುತ್ತದೆ.

ನಂಟು ಇದೆಯೋ, ಸುಮ್ನೆ ಕೂಡಿಬಂದದ್ದೋ

ಇದು ಈ ಕೆಲಸದಲ್ಲಿ ನನಗೆ ತುಂಬಾ ಇಷ್ಟದ ಭಾಗ. ಎರಡಕ್ಕೆ ಒಂದೇ ಹೆಸರಿದ್ದರೆ ಅದಕ್ಕೆ ಮೂರು ಬಗೆಯ ಕಾರಣ ಇರಬಹುದು. ಯಾವುದು ಅಂತ ಸಾಲಿನ ಪಕ್ಕದಲ್ಲಿ ಸಣ್ಣದಾಗಿ ಬರೆಯಿರಿ.

ಒಂದು, ಒಂದರ ಹೆಸರನ್ನು ಇನ್ನೊಂದಕ್ಕೆ ಇಟ್ಟದ್ದು. ರಿಪ್ಪನ್‌ಪೇಟೆಗೆ ಆ ಹೆಸರು ಬಂದದ್ದು ವೈಸ್‌ರಾಯ್ ಲಾರ್ಡ್ ರಿಪ್ಪನ್‌ನಿಂದ. ಚೆನ್ನೈ ಪಾಲಿಕೆಯ ರಿಪ್ಪನ್ ಬಿಲ್ಡಿಂಗ್ ಹೆಸರೂ ಅದೇ ಮನುಷ್ಯನದು. ಹೊಸನಗರ ತಾಲ್ಲೂಕಿನ ಪೇಟೆ ಮತ್ತು ಚೆನ್ನೈನ ಬಿಳಿ ಕಟ್ಟಡ ಹೆಸರಿನ ಲೆಕ್ಕದಲ್ಲಿ ಅಣ್ಣತಮ್ಮ. ಮಾಲ್ಗುಡಿಯೂ ಹಾಗೆಯೇ. ಆರ್.ಕೆ. ನಾರಾಯಣ್ ಕಥೆಗಳಲ್ಲಿ ಕಟ್ಟಿದ ಊರು ಅದು. ಶಂಕರ್‌ನಾಗ್ ಅದನ್ನು ಧಾರಾವಾಹಿ ಮಾಡಿದಾಗ ಆಗುಂಬೆ ಮಾಲ್ಗುಡಿಯಾಯಿತು, ಅರಸಾಳು ರೈಲು ನಿಲ್ದಾಣ ಮಾಲ್ಗುಡಿ ನಿಲ್ದಾಣವಾಯಿತು. 2020ರಿಂದ ಅರಸಾಳಿನಲ್ಲಿ ಮಾಲ್ಗುಡಿ ಮ್ಯೂಸಿಯಂ ಇದೆ. ಇವೆಲ್ಲ ಒಂದೇ ಬಳ್ಳಿಯ ಕಾಯಿ.

ಎರಡು, ನೆಲದ ಗುಣ ಹೇಳುವ ಮಾತೇ ಹೆಸರಾದದ್ದು. ತುಂಗಾ ಮತ್ತು ಭದ್ರಾ ಕೂಡುವಲ್ಲಿ ಕೂಡಲಿ. ಕೃಷ್ಣಾ ಮತ್ತು ಮಲಪ್ರಭಾ ಕೂಡುವಲ್ಲಿ ಕೂಡಲಸಂಗಮ, ಬಸವಣ್ಣನ ಅಂಕಿತದಲ್ಲಿ ಇರುವುದು ಆ ಕೂಡಲ. ಎರಡು ಊರಿಗೂ ಒಂದಕ್ಕೊಂದು ಸಂಬಂಧವಿಲ್ಲ. ಎರಡು ಕಡೆಯೂ ನೀರು ನೀರಿಗೆ ಸೇರಿತು, ಎರಡು ಕಡೆಯ ಜನವೂ ಕನ್ನಡ ಮಾತಾಡುತ್ತಿದ್ದರು, ಒಂದೇ ಮಾತು ಬಾಯಿಗೆ ಬಂತು. ಕೊಪ್ಪ, ಹೊಸಹಳ್ಳಿ, ಕಾನೂರು ಎಲ್ಲ ಈ ಗುಂಪಿನವು.

ನಮ್ಮ ಪಕ್ಕದ 'ನಗರ'ವನ್ನೂ ಇಲ್ಲೇ ಸೇರಿಸಬೇಕು. ಬಿದನೂರನ್ನು 1763ರಲ್ಲಿ ಗೆದ್ದ ಹೈದರಾಲಿ ಹೈದರ್‌ನಗರ ಅಂತ ಹೆಸರಿಟ್ಟ. ಜನರ ಬಾಯಲ್ಲಿ ಬರೀ ನಗರ ಉಳಿಯಿತು. ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ "ನಗರಕ್ಕೆ ಹೊರಟೆ" ಅಂದರೆ ದೊಡ್ಡ ಪಟ್ಟಣಕ್ಕೆ ಅಂತ ತಿಳಿಯಬೇಡಿ. ಕೋಟೆ ಇರುವ ಆ ಸಣ್ಣ ಊರಿಗೆ.

ಮೂರನೆಯದು, ಬರೀ ದನಿ ಕೂಡಿಬಂದದ್ದು. ಕೆಳದಿ ಮತ್ತು ಕೀಳಡಿ. ಇಂಥ ಕಡೆ ಕಥೆ ಕಟ್ಟುವ ಆಸೆ ಬರುತ್ತದೆ. 'ಅಲ್ಲಿಂದ ಇಲ್ಲಿಗೆ ಬಂದರಂತೆ' ಅನ್ನುವ ಮಾತು ಹುಟ್ಟುತ್ತದೆ. ಶಾಸನದಲ್ಲೋ ಬಲ್ಲವರ ಪುಸ್ತಕದಲ್ಲೋ ಆಧಾರ ಸಿಗುವವರೆಗೆ ನಂಟು ಬರೆಯಬೇಡಿ. ಹಳಗನ್ನಡದ 'ಕೆಳದಿ', ಅಂದರೆ ಗೆಳತಿ, ಅದಕ್ಕೂ ನಾನು ಹೀಗೆಯೇ ಮಾಡಿದ್ದೇನೆ. ಪದಕ್ಕೆ ಒಂದು ಸಾಲು, ಊರಿಗೆ ಒಂದು ಸಾಲು. ನಡುವೆ ಗೆರೆ ಎಳೆದಿಲ್ಲ.

ಸಾಗರದ ಪುಟ

ಈಗ ಒಂದು ಇಡೀ ಪುಟ ಹೇಗಿರುತ್ತದೆ ಅಂತ ತೋರಿಸುತ್ತೇನೆ. ನಮ್ಮೂರನ್ನೇ ತೆಗೆದುಕೊಳ್ಳುತ್ತೇನೆ. ಈ ಪುಟ ಬರೆಯಲು ಕಾರಣವೂ ಇದೆ. ಆರು ವರ್ಷದ ಹಿಂದೆ ಲೈಬ್ರರಿಗೆ ಅಂತ ಒಬ್ಬ ದಾನಿಗಳು ಬೆಂಗಳೂರಿನಿಂದ ನಲವತ್ತು ಪುಸ್ತಕ ಕಳಿಸಿದರು. ಪೆಟ್ಟಿಗೆಯ ಮೇಲೆ ಪಿನ್‌ಕೋಡ್ ಇರಲಿಲ್ಲ. ಅದು ಮಧ್ಯಪ್ರದೇಶದ ಸಾಗರಕ್ಕೆ ಹೋಗಿ, ಅಲ್ಲಿ ಕೂತು, ಇಪ್ಪತ್ತಮೂರು ದಿನದ ಮೇಲೆ ನಮಗೆ ಬಂತು. ಎರಡು ಪುಸ್ತಕ ನೆನೆದಿದ್ದವು. ಮಕ್ಕಳು ದಿನಾ ಬಂದು "ಬಂತಾ ಅಕ್ಕಾ?" ಅಂತ ಕೇಳಿ ಹೋಗುತ್ತಿದ್ದರು. ಆ ದಿನಗಳಲ್ಲಿ ನನಗೆ ಆದ ಬೇಸರ ಅಷ್ಟಿಷ್ಟಲ್ಲ.

ಪುಟದ ತಲೆಯಲ್ಲಿ 'ಸಾಗರ' ಅಂತ ದೊಡ್ಡದಾಗಿ ಬರೆಯಿರಿ. ಅದರ ಕೆಳಗೆ ನಿಮ್ಮಲ್ಲಿ ಬರುವ ಜನ ಯಾವುದನ್ನು ಹೆಚ್ಚು ಕೇಳುತ್ತಾರೋ ಅದು ಮೊದಲು. ನಮ್ಮಲ್ಲಿ ಅದು ನಮ್ಮೂರೇ. ದಿಲ್ಲಿಯಲ್ಲಿ ಕೂತು ಬರೆಯುವವರಿಗೆ ಬೇರೆ ಇರಬಹುದು. ನನ್ನ ಮೊದಲ ಸಾಲು ಹೀಗಿದೆ: 'ಸಾಗರ: ಶಿವಮೊಗ್ಗ ಜಿಲ್ಲೆಯ ತಾಲ್ಲೂಕು ಕೇಂದ್ರ. ಪಿನ್ 577401. ಕೆಳದಿಯ ಸದಾಶಿವ ನಾಯಕ ಕಟ್ಟಿಸಿದ ಸದಾಶಿವ ಸಾಗರ ಅನ್ನುವ ಕೆರೆಯಿಂದ ಹೆಸರು, ಈಗ ಗಣಪತಿ ಕೆರೆ. ಮಾರಿಕಾಂಬಾ ಜಾತ್ರೆ, ಗುಡಿಗಾರರ ಕೆತ್ತನೆ.' ಇಷ್ಟು ಸಾಕು. ಒಂದು ಸಾಲಿನಲ್ಲಿ ಊರನ್ನು ಬೇರೆ ಊರಿನಿಂದ ಬಿಡಿಸಿ ತೋರಿಸುವಷ್ಟೇ ಇರಬೇಕು, ಅದರ ಪೂರ್ತಿ ಚರಿತ್ರೆ ಬೇಡ.

ಎರಡನೆಯದು ಮಧ್ಯಪ್ರದೇಶದ ಸಾಗರ್. ಜಿಲ್ಲಾ ಕೇಂದ್ರ, ಊರ ನಡುವೆ ದೊಡ್ಡ ಕೆರೆ, 1946ರಲ್ಲಿ ಶುರುವಾದ ಹರಿಸಿಂಗ್ ಗೌರ್ ವಿಶ್ವವಿದ್ಯಾಲಯ. ಪಿನ್ 470001. ಪಿನ್‌ಕೋಡಿನ ಮೊದಲ ಅಂಕಿ ನೋಡಿದರೇ ಸಾಕು: 5 ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣ. 4 ಅಂದರೆ ಮಹಾರಾಷ್ಟ್ರ, ಮಧ್ಯಪ್ರದೇಶದ ಕಡೆ. 1972ರ ಆಗಸ್ಟ್ 15ರಂದು ಈ ಆರು ಅಂಕಿ ಜಾರಿಗೆ ಬಂದದ್ದು ಇಂಥ ಗೋಜಲು ತಪ್ಪಿಸುವುದಕ್ಕೇ. ಅಪ್ಪಯ್ಯ ಪ್ರತಿ ಕಾಗದದಲ್ಲಿ ಮೊದಲು ನೋಡುತ್ತಿದ್ದದ್ದು ಆ ಅಂಕಿ, ಆಮೇಲೆ ಹೆಸರು. ರೈಲಿನವರೂ ಈ ಎರಡು ಊರನ್ನು ಬೇರೆ ಮಾಡಿಟ್ಟಿದ್ದಾರೆ. ನಮ್ಮ ನಿಲ್ದಾಣ 'ಸಾಗರ ಜಂಬಗಾರು'. ಅಲ್ಲಿಯದು ಹಳೆಯ ಬರವಣಿಗೆಯಲ್ಲಿ 'ಸೌಗೋರ್'. ಟಿಕೆಟ್ ತೆಗೆಯುವಾಗ ಜಂಬಗಾರು ಅನ್ನುವ ಪದ ಕಾಣಿಸದಿದ್ದರೆ ದುಡ್ಡು ಕಟ್ಟಬೇಡಿ.

ಮೂರನೆಯದು ಬಂಗಾಳದ ಸಾಗರ ದ್ವೀಪ, ಮಕರ ಸಂಕ್ರಾಂತಿಗೆ ಗಂಗಾಸಾಗರ ಜಾತ್ರೆ ನಡೆಯುವ ಜಾಗ.

ಆಮೇಲೆ ಒಂದು ಗೆರೆ ಬಿಟ್ಟು 'ಸಗರ'. ದೀರ್ಘವಿಲ್ಲ, ನೋಡಿ. ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನಲ್ಲಿ ಸಗರ ಅನ್ನುವ ಊರಿದೆ. ಆ ಸೀಮೆಗೇ ಸಗರನಾಡು ಅನ್ನುತ್ತಾರೆ. ಪುರಾಣದ ರಾಜನೂ ಸಗರನೇ. 'ಗರ' ಅಂದರೆ ವಿಷ, ವಿಷದ ಜೊತೆ ಹುಟ್ಟಿದವನು ಸಗರ. ಅವನ ಅರವತ್ತು ಸಾವಿರ ಮಕ್ಕಳು ಯಜ್ಞದ ಕುದುರೆ ಹುಡುಕುತ್ತಾ ನೆಲ ಅಗೆದರು. ಆ ಅಗೆದ ಜಾಗವೇ ಸಮುದ್ರವಾಗಿ ಸಾಗರ ಅನ್ನಿಸಿಕೊಂಡಿತು ಅನ್ನುತ್ತದೆ ಪುರಾಣ. ಮಕ್ಕಳು ಕಪಿಲ ಮುನಿಯ ಕಣ್ಣಿನ ಬೆಂಕಿಗೆ ಬೂದಿಯಾದರು, ಅವರಿಗಾಗಿ ಭಗೀರಥ ಗಂಗೆಯನ್ನು ತಂದ. ಬಂಗಾಳದ ದ್ವೀಪದಲ್ಲಿ ಇವತ್ತಿಗೂ ಕಪಿಲ ಮುನಿಯ ದೇವಸ್ಥಾನವಿದೆ. ಹಾಗಾಗಿ ರಾಜ ಸಗರ, ಸಮುದ್ರ, ಬಂಗಾಳದ ದ್ವೀಪ, ಈ ಮೂರರ ನಡುವೆ ನಾನು ಬಾಣದ ಗುರುತು ಹಾಕಿದ್ದೇನೆ. ನಮ್ಮೂರಿಗೆ ಆ ಬಾಣ ಬರುವುದಿಲ್ಲ. ನಮ್ಮದು ಕೆರೆಯ ದಾರಿಯಿಂದ ಬಂದದ್ದು. ದೊಡ್ಡ ಕೆರೆ ಕಟ್ಟೆಗಳಿಗೆ ಸಾಗರ ಅನ್ನುವುದು ಕನ್ನಡದಲ್ಲಿ ರೂಢಿ. ಶಾಂತಿಸಾಗರ, ವಾಣಿವಿಲಾಸ ಸಾಗರ, ಕೃಷ್ಣರಾಜ ಸಾಗರ ಎಲ್ಲ ಹಾಗೆಯೇ. ಅವನ್ನು ಈ ಪುಟದಲ್ಲಿ ಬರೆಯಬೇಡಿ. 'ಸಾಗರ' ಅಲ್ಲಿ ಬರೀ ಕೊನೆಯ ಪದ. ಅವುಗಳನ್ನು ಹುಡುಕುವವರು ಪೂರ್ತಿ ಹೆಸರು ಹಿಡಿದೇ ಬರುತ್ತಾರೆ. ಇದನ್ನು ಬಿಗಿಯಾಗಿ ಪಾಲಿಸದಿದ್ದರೆ ಪುಟ ತುಂಬಿ ಹೋಗಿ ಯಾರಿಗೂ ಬೇಕಾದದ್ದು ಸಿಗುವುದಿಲ್ಲ.

ಜನರಲ್ಲಿ ರಮಾನಂದ ಸಾಗರ್, 1987ರಲ್ಲಿ ರಾಮಾಯಣ ಧಾರಾವಾಹಿ ಮಾಡಿದವರು. ಸಾಗರ್ ಅನ್ನುವುದು ಅವರು ಇಟ್ಟುಕೊಂಡ ಕಾವ್ಯನಾಮ. ಈಶ್ವರಚಂದ್ರ ವಿದ್ಯಾಸಾಗರರದು ಬಿರುದು, ಅದು ಬೇರೆ ಪುಟ. ಸಿನಿಮಾದಲ್ಲಿ 1985ರ ಹಿಂದಿ 'ಸಾಗರ್', ರಮೇಶ್ ಸಿಪ್ಪಿ ನಿರ್ದೇಶನ. ಸಿನಿಮಾ, ಪುಸ್ತಕ, ಹಾಡು ಯಾವುದೇ ಆಗಲಿ, ಇಸವಿ ಮತ್ತು ಮಾಡಿದವರ ಹೆಸರು ಎರಡೂ ಬೇಕು. ಒಂದೇ ಹೆಸರಿನ ಸಿನಿಮಾ ಮತ್ತೆ ಮತ್ತೆ ಬರುತ್ತದೆ, ಬರೀ ಭಾಷೆ ಹೇಳಿದರೆ ಸಾಲದು.

ಕೇಳುವ ರೀತಿ

ಪುಟ ಬರೆದಾಯಿತು. ಜನ ಬಂದಾಗ ಕೇಳುವುದು ಹೇಗೆ? "ನಮ್ಮ ಸಾಗರಾನಾ?" ಅಂತ ಕೇಳಬೇಡಿ. ಕೇಳಿದರೆ "ಹೂಂ" ಅನ್ನುತ್ತಾರೆ. ಅವರ ಮನಸ್ಸಿನಲ್ಲಿ ಇರುವುದೂ ಅವರದೇ 'ನಮ್ಮ' ಸಾಗರ. "ಯಾವ ಸಾಗರ?" ಅಂತ ಕೇಳಿ, ಸುಮ್ಮನೆ ಕಾಯಿರಿ. ಅವರೇ ಹೇಳುತ್ತಾರೆ. ನಾನು ಇದನ್ನು ಕಲಿತದ್ದು ಒಂದು ತಪ್ಪು ಮಾಡಿ. ಬಾವಿಮನೆ ಸುಬ್ರಾಯಣ್ಣ ಒಯ್ದ ಪುಸ್ತಕಕ್ಕೆ ಗದ್ದೆಮನೆ ಸುಬ್ರಾಯಣ್ಣನನ್ನು ಕೇಳಿಬಿಟ್ಟಿದ್ದೆ. ಅವರು ಓದು ಬರಹ ಕಲಿಯದವರು. "ನಾನು ಪುಸ್ತಕ ಒಯ್ದಿಲ್ಲ ತಂಗಿ" ಅಂದಾಗ ಅವರ ಮುಖದಲ್ಲಿ ಇದ್ದ ನೋವು ಇವತ್ತಿಗೂ ನೆನಪಿದೆ. ಅವತ್ತಿನಿಂದ ನಮ್ಮ ರಿಜಿಸ್ಟರಿನಲ್ಲಿ ಹೆಸರಿನ ಪಕ್ಕ ಮನೆ ಹೆಸರಿಗೆ ಒಂದು ಅಂಕಣ ಇದೆ.

ಫೋನಿನಲ್ಲಿ ಹುಡುಕುವಾಗಲೂ ಇದೇ. 'ಕೆಳದಿ' ಅಂತಷ್ಟೇ ಹಾಕದೆ 'ಕೆಳದಿ ನಾಯಕರು ಇಕ್ಕೇರಿ' ಅಂತ ಹಾಕಿ. ಜೊತೆಗೆ ಇರಲೇಬೇಕಾದ ಇನ್ನೊಂದು ಹೆಸರು ಸೇರಿಸಿದರೆ ಬೇರೆಯವು ತಾವಾಗಿ ಹಿಂದೆ ಸರಿಯುತ್ತವೆ. ಸಿಕ್ಕಿದ್ದನ್ನು ಬರೆದುಕೊಳ್ಳುವ ಮೊದಲು ಮೂರು ನೋಡಿ: ಯಾವ ಜಿಲ್ಲೆ, ಯಾವ ನದಿ, ಯಾವ ಶತಮಾನ. ಮೂರರಲ್ಲಿ ಒಂದು ಹೊಂದದಿದ್ದರೂ ಅಲ್ಲಿಗೇ ನಿಲ್ಲಿಸಿ. ಹುಡುಗಿಯ ಎರಡನೇ ಹಾಳೆಯಲ್ಲಿ ವೈಗೈ ಅಂತ ಇತ್ತು. ವೈಗೈ ನಮ್ಮ ಕಡೆ ಹರಿಯುವುದಿಲ್ಲ ಅನ್ನುವುದು ಅವಳಿಗೂ ಗೊತ್ತಿತ್ತು. ನಿಂತು ನೋಡಿರಲಿಲ್ಲ, ಅಷ್ಟೇ.

ಅವಳು ಆಮೇಲೆ ಬರೆದ ಪ್ರಾಜೆಕ್ಟ್ ಚೆನ್ನಾಗಿತ್ತು. 1499ರಿಂದ 1763ರವರೆಗಿನ ಕೆಳದಿ ನಾಯಕರು, ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ ಹೋದ ರಾಜಧಾನಿ, ಚೆನ್ನಮ್ಮ, ರಾಜಾರಾಮ. ಕೊನೆಯ ಪುಟದಲ್ಲಿ 'ಈ ಹೆಸರಿನ ಹಾಗೆ ಕೇಳಿಸುವ ಇತರ ಊರು ಮತ್ತು ಜನ' ಅಂತ ಒಂದು ಸಣ್ಣ ಪಟ್ಟಿ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಪ್ರತಿ ಪುಟದ ಕೆಳಗೆ ಐದಾರು ಸಾಲು ಖಾಲಿ ಬಿಡಿ. ಪೆನ್ಸಿಲಿನಲ್ಲಿ ಬರೆಯಿರಿ, ಖಾತ್ರಿಯಾದ ಮೇಲೆ ಪೆನ್ನು. ಹೊಸಹಳ್ಳಿಗೆ ಮಾತ್ರ ನಾನು ಎರಡು ಹಾಳೆ ಪೂರ್ತಿ ಬಿಟ್ಟಿದ್ದೇನೆ. ಮೊದಲ ಸಾಲು 'ಗಮಕದ ಹೊಸಹಳ್ಳಿ, ಮತ್ತೂರಿನ ಎದುರು, ತುಂಗೆಯ ದಡ'. ಅದರ ಕೆಳಗೆ ಈಗ ಹನ್ನೊಂದು ಹೊಸಹಳ್ಳಿಗಳಿವೆ. ಯಾರಾದರೂ ಬಂದು "ಅಕ್ಕಾ, ನಮ್ಮ ಹೊಸಹಳ್ಳಿ ಇದರಲ್ಲಿ ಇಲ್ವಲ್ಲ" ಅಂದರೆ ಪೆನ್ಸಿಲ್ ಅವರ ಕೈಗೇ ಕೊಡುತ್ತೇನೆ. ಮೊದಲು ತಾಲ್ಲೂಕು ಬರೆಯಿರಿ ಅನ್ನುತ್ತೇನೆ.